ಗ್ಯಾರಿಕ್‌ನ ಎರಡು ಅಂಗುಲ

ಅಂಪೈರ್ ಡೊಂಬೆಕ್‌ಗೆ ಆಟಗಾರರೆಂದರೆ ಎಷ್ಟು ತಾತ್ಸಾರವೋ ಹೊಸ ಯಂತ್ರವೆಂದರೂ ಅಷ್ಟೇ ತಾತ್ಸಾರ. ಅಮೆರಿಕದ ಅಯೋವಾದ ಸಣ್ಣಪುಟ್ಟ ಬೇಸ್‌ಬಾಲ್ ಮೈದಾನಗಳಲ್ಲಿ ಹತ್ತೊಂಬತ್ತು ವರ್ಷ, ಚೆಂಡು ಹಿಡಿಯುವ ಕ್ಯಾಚರನ ಬೆನ್ನ ಹಿಂದೆ ಬಗ್ಗಿ ನಿಂತು ಸೊಂಟ ಸವೆಸಿದವನು ಅವನು. ಚೆಂಡು ಬ್ಯಾಟರನ ಮೊಣಕಾಲಿನಿಂದ ಎದೆಯವರೆಗಿನ ಚೌಕದೊಳಗೆ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಇಷ್ಟು ಹೇಳುವುದಕ್ಕೆ ಹನ್ನೆರಡು ಕ್ಯಾಮೆರಾ ಬೇಕೇ?

"ಸೂಪಿಗೆ ಉಪ್ಪು ಸಾಕಾ ಅಂತ ತಕ್ಕಡೀಲಿ ತೂಗಿದ ಹಾಗಾಯ್ತು," ಎಂದು ಸಿಕ್ಕಸಿಕ್ಕವರ ಮುಂದೆ ಗೊಣಗುತ್ತಿದ್ದ.

ಗೊಣಗಿದರೆ ಕೇಳುವವರು ಯಾರು? ಆ ವರ್ಷದಿಂದ ಆಟಗಾರ ತನ್ನ ಹೆಲ್ಮೆಟ್ ತಟ್ಟಿದರೆ ಸಾಕು, ಅಂಪೈರನ ಮಾತಿನ ಮೇಲೆ ಯಂತ್ರದ ಮಾತು ನಡೆಯುತ್ತಿತ್ತು. ಒಂದು ಋತುವಿನಲ್ಲಿ ಐವತ್ತು ತೀರ್ಪು ತಲೆಕೆಳಗಾದರೆ ಆ ಅಂಪೈರ್ ಮನೆಗೆ. ಕೊನೆಯ ಪಂದ್ಯದ ಕೊನೆಯ ಇನಿಂಗ್ಸಿಗೆ ಬರುವಾಗ ಡೊಂಬೆಕ್‌ನದು ನಲವತ್ತೊಂಬತ್ತಾಗಿತ್ತು. ಆಗ ಬ್ಯಾಟ್ ಹಿಡಿದು ಬಂದವನು ಗ್ಯಾರಿಕ್.

ಇವನ ಕಥೆ ಶುರುವಾದದ್ದು ಋತು ಆರಂಭದ ಏಪ್ರಿಲ್‌ನಲ್ಲಿ. ಯಂತ್ರ ಪ್ರತಿ ಆಟಗಾರನ ಎತ್ತರಕ್ಕೆ ತಕ್ಕಂತೆ ಚೌಕ ಎಳೆಯುತ್ತದೆ. ಕುಳ್ಳಗಿದ್ದಷ್ಟೂ ಚೌಕ ಚಿಕ್ಕದು, ಬ್ಯಾಟರನಿಗೆ ಲಾಭ. ಹಾಗಾಗಿ ಎತ್ತರ ಅಳೆಯುವ ದಿನ ಆ ಗಂಡಾಳುಗಳೆಲ್ಲ ಕುತ್ತಿಗೆ ಹುದುಗಿಸಿ, ಮೊಣಕಾಲು ಸಡಿಲಿಸಿ, ವಾತ ಹಿಡಿದ ಮುದುಕರ ಹಾಗೆ ನಿಂತಿದ್ದರು. ಗ್ಯಾರಿಕ್ ಒಬ್ಬನೇ ಸೆಟೆದು ನಿಂತ. ಕಾಲುಚೀಲದ ಹಿಮ್ಮಡಿಯಲ್ಲಿ ಏನೋ ತುರುಕಿಕೊಂಡಿದ್ದ.

ಸಾಕ್ಷಿಗೆಂದು ಪಕ್ಕದಲ್ಲಿ ಕೂತಿದ್ದ ಡೊಂಬೆಕ್ ಅದನ್ನು ನೋಡಿದ.

"ಏನೋ, ಹಿಮ್ಮಡಿ ಊದ್ಕೊಂಡಿದೆಯಲ್ಲ! ಮದ್ದು ಹಚ್ಚಿದ್ಯಾ?"

"ಸುಮ್ನಿರಿ ಸಾಹೇಬ್ರೇ. ಆರಡಿ ಇಲ್ಲದೋನ್ನ ದೊಡ್ಡ ಲೀಗಿನೋರು ಮೂಸೂ ನೋಡಲ್ಲ."

ಡೊಂಬೆಕ್ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಆ ಡಬ್ಬಕ್ಕೆ ನೀನು ಆರಡಿಯಾದ್ರೇನು, ಅರವತ್ತಡಿಯಾದ್ರೇನು!" ಎನ್ನುತ್ತಾ, ಎತ್ತರ ಬರೆದ ಕಾಗದವನ್ನು ಓದುವ ಗೋಜಿಗೂ ಹೋಗದೆ ಸಹಿ ಗೀಚಿದ.

ಈಗ ಆ ಗ್ಯಾರಿಕ್ ಎದುರಿಗಿದ್ದ. ಇಬ್ಬರು ಔಟ್, ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಬಾಲ್ ಆದರೆ ಗ್ಯಾರಿಕ್ ಉಳಿಯುತ್ತಾನೆ, ಸ್ಟ್ರೈಕ್ ಆದರೆ ಆಟವೇ ಮುಗಿಯುತ್ತದೆ. ಪಿಚರ್ ಎಸೆದ ಚೆಂಡು ಮೇಲಿಂದ ಬಂತು. ಐದಡಿ ಹತ್ತಂಗುಲದ ಮೈಗೆ ಅದು ಎತ್ತರವೆಂದು ಡೊಂಬೆಕ್‌ನ ಕಣ್ಣಿಗೆ ನಿಚ್ಚಳವಾಗಿ ಕಂಡಿತು.

"ಬಾಲ್!"

ಎದುರಾಳಿ ತಂಡದ ಕ್ಯಾಚರ್ ಹೆಲ್ಮೆಟ್ ತಟ್ಟಿದ.

ದೊಡ್ಡ ಪರದೆಯ ಮೇಲೆ ಚೌಕ ಮೂಡಿತು. ಅದು ಕಾಗದದ ಮೇಲಿನ ಗ್ಯಾರಿಕ್‌ನ ಚೌಕ, ಪೂರಾ ಆರಡಿಯದು. ಚೆಂಡು ಅದರ ಮೇಲ್ಗೆರೆಯನ್ನು ಸವರಿಕೊಂಡು ಹೋಗಿತ್ತು. ಸ್ಟ್ರೈಕ್.

"ಏ ಕುರುಡಾ, ಮನೆಗೆ ಹೋಗಿ ಆಲೂಗಡ್ಡೆ ಸುಲಿಯೋ!" ಎಂದು ಗ್ಯಾಲರಿಯಿಂದ ಯಾರೋ ಕೂಗಿದರು. ಯಂತ್ರಕ್ಕೆ ಚಪ್ಪಾಳೆ ಬಿತ್ತು. ಡೊಂಬೆಕ್‌ಗೆ ಅದು ಐವತ್ತನೆಯದು.

ಡೊಂಬೆಕ್ ಮುಖದ ಜಾಲರಿ ಎತ್ತಿ ಗ್ಯಾರಿಕ್‌ನ ಕಿವಿಯ ಬಳಿ ಬಗ್ಗಿದ. ಹತ್ತೊಂಬತ್ತು ವರ್ಷದಲ್ಲಿ ಯಾವ ಆಟಗಾರನ ಹತ್ತಿರವೂ ಅವನು ಅಂಗಲಾಚಿದವನಲ್ಲ.

"ಹೇಳೋ. ನಿಜವಾದ ಎತ್ತರ ಎಷ್ಟು ಅಂತ ಬಾಯಿಬಿಡು. ನೀನೂ ಉಳ್ಕೋತೀಯ, ನಾನೂ ಉಳ್ಕೋತೀನಿ."

ಗ್ಯಾರಿಕ್ ಗ್ಯಾಲರಿಯ ಮೂರನೇ ಸಾಲಿನ ಕಡೆ ನೋಡಿದ. ಅಲ್ಲಿ ಆಟಗಾರರನ್ನು ಆರಿಸಲು ಬಂದ ದೊಡ್ಡ ಲೀಗಿನವನೊಬ್ಬ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಔಟಾದರೂ ಚಿಂತೆಯಿಲ್ಲ, ಕುಳ್ಳನಾಗಬಾರದು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ನಾನು ಆರಡಿನೇ ಸಾಹೇಬ್ರೇ," ಎಂದ ಗ್ಯಾರಿಕ್, ಬೆನ್ನು ನೆಟ್ಟಗೆ ಮಾಡಿ. "ಕಾಗದ ತೆಗೆಸಿ ನೋಡಿ. ಕೆಳಗಡೆ ನಿಮ್ಮದೇ ಸಹಿ ಇದೆ."

ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಸುಳ್ಳು ತಿನ್ನಿಸಿದವರು ಇಬ್ಬರು, ಅವರಲ್ಲೊಬ್ಬ ಸಹಿ ಹಾಕಿದ ತಾನೇ. ಲೋಕದ ಮೇಲೆಲ್ಲ ಉಗುಳಿಕೊಂಡು ಬಂದ ಡೊಂಬೆಕ್‌ಗೆ ಅಂದು ಮೊದಲ ಸಲ ತನ್ನ ಮೇಲೇ ಹೇಸಿಗೆಯಾಯಿತು. ಅವನು ಜಾಲರಿ ಇಳಿಸಿಕೊಂಡು, ಬಲಗೈ ಎತ್ತಿ, ಗಟ್ಟಿಯಾಗಿ ಔಟ್ ಕೂಗಿದ.