ಫೋನಿನೊಳಗಿನ ಅಮ್ಮ

ಫ್ಯಾನು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಎಣ್ಣೆ ಬಿಡಬೇಕು, ಶಿಬಿರಕ್ಕೆ ಹೊರಟಾಗಲೂ ಹೀಗೇ ಅನ್ನುತ್ತಿತ್ತು, ಮಗಳಿಗೆ ಮಧ್ಯಾಹ್ನದ ನಿದ್ದೆಯ ಹೊತ್ತು, ನಿದ್ದೆ ಎಲ್ಲಿ ಬಂತು, ಗೋಡೆ ಕಡೆ ತಿರುಗಿದ್ದಾಳೆ ಅಷ್ಟೇ — ಚಿನ್ನೀ ಎಂದು ತಾಯಿ ಮೆಲ್ಲಗೆ ಕರೆದು ನೋಡುತ್ತಾಳೆ, ತನ್ನ ದನಿಯೇ ಯಾರೋ ಗಂಡಸು ಬಾಗಿಲಲ್ಲಿ ನಿಂತು ಕರೆದ ಹಾಗೆ ಕೇಳಿಸುತ್ತದೆ, ಪುಟ್ಟ ಬೆನ್ನು ಇನ್ನಷ್ಟು ಮುದುಡುತ್ತದೆ. ನಾಲ್ಕು ತಿಂಗಳು, ನಾಲ್ಕೇ ತಿಂಗಳು ಭಾರ ಎತ್ತುವವರ ಶಿಬಿರ, ವಾರಕ್ಕೊಂದು ಸೂಜಿ ಕಣಮ್ಮ, ವಿಟಮಿನ್ನಿಗೆ ಅಣ್ಣ ಅಂದ್ಕೋ ಎಂದು ಕೋಚ್ ನಕ್ಕಿದ್ದರು, ಅದು ಸ್ಟೀರಾಯ್ಡ್ ಎಂದು ತಿಳಿಯದಷ್ಟು ಪೆದ್ದಿಯೇನಲ್ಲ ಅವಳು, ತಿಳಿದೇ ತೋಳು ಕೊಟ್ಟಳು, ಸುಳ್ಳೇಕೆ, ಹಿಗ್ಗಿದ್ದಳು ಕೂಡ — ಎಪ್ಪತ್ತು ಕಿಲೋಗೆ ನಡುಗುತ್ತಿದ್ದ ಮಂಡಿ ತೊಂಬತ್ತಕ್ಕೂ ಜಪ್ಪಯ್ಯ ಅನ್ನಲಿಲ್ಲ, ನಿನ್ನೆಯ ನೋವು ಬೆಳಗಾಗುವಷ್ಟರಲ್ಲಿ ಮಾಯ, ಕನ್ನಡಿಯಲ್ಲಿ ತನ್ನ ಭುಜ ಕಂಡು ತನಗೇ ಹೆಮ್ಮೆ. ಮೊಡವೆ ಎದ್ದವು, ಏಳಲಿ, ಮುಟ್ಟು ನಿಂತಿತು, ಒಳ್ಳೆಯದೇ ಆಯಿತು ಅಂದುಕೊಂಡಳು, ಗದ್ದದ ಮೇಲಿನ ಕೂದಲನ್ನು ಚಿಮಟದಿಂದ ಕಿತ್ತಳು.

ಗಂಟಲು, ಗಂಟಲೊಂದರಲ್ಲಿ ಮೋಸ ಹೋದಳು — ಕೈ ಜಾರದಿರಲೆಂದು ಅಂಗೈಗೆ ಬಳಿಯುವ ಬಿಳಿ ಪುಡಿ ಅಭ್ಯಾಸದ ಕೋಣೆಯ ತುಂಬ ಹಾರುತ್ತಿತ್ತು, ಎಲ್ಲರೂ ಕೆಮ್ಮುವವರೇ, ದನಿ ಒಡೆದರೆ ಅವತ್ತೇ ಸೂಜಿ ನಿಲ್ಲಿಸೇ ಮಾರಾಯ್ತಿ ಎಂದಿದ್ದಳು ಜೊತೆಗಾತಿ, ದನಿ ಒಡೆಯಿತು, ಅಯ್ಯೋ ಇದು ಪುಡಿಗೆ ಕಣೇ ಎಂದು ಇವಳು ಉಪ್ಪುನೀರು ಮುಕ್ಕಳಿಸಿದಳು, ಐದು ವಾರ ಮುಕ್ಕಳಿಸಿದಳು, ಐದು ಸೂಜಿಯನ್ನೂ ಚುಚ್ಚಿಸಿಕೊಂಡಳು. ಕಂಚಿನ ಪದಕ ಬಂತು. ಮುಟ್ಟು ತಿರುಗಿ ಬರುತ್ತೆ, ಕೂದಲೂ ಕಮ್ಮಿ ಆಗಬಹುದು, ದನಿ ಮಾತ್ರ ಮೊದಲಿನ ಹಾಗೆ ಆಗಲ್ಲಮ್ಮ, ಡಾಕ್ಟರು ತಲೆ ಎತ್ತದೆ ಬರೆಯುತ್ತ ಹೇಳಿದರು, ಆಗಲ್ಲಮ್ಮ, ಎಷ್ಟು ಸಲೀಸಾಗಿ ಹೇಳಿಬಿಟ್ಟರು.

ಹೊರಡುವ ಮುನ್ನ ಅಜ್ಜಿಯ ಫೋನಿನಲ್ಲಿ ಜೋಗುಳ ಹಾಡಿಟ್ಟು ಹೋಗಿದ್ದಳು, ಮಗು ಅಳದಿರಲಿ ಎಂದು, ಮಗು ಅಳಲೇ ಇಲ್ಲ ಕಣೇ, ದಿನಾ ಅದನ್ನೇ ಕೇಳಿ ಮಲಗ್ತಿತ್ತು, ಎಷ್ಟು ಜಾಣೆ ಗೊತ್ತಾ ಎಂದರು ಅಜ್ಜಿ, ಜಾಣೆ, ಹೌದು — ಈಗ ದಿಂಬಿನಡಿಯಿಂದ ಫೋನು ತೆಗೆಯುತ್ತಾಳೆ ಜಾಣೆ, ಬೆರಳು ಒತ್ತುತ್ತಾಳೆ, ತೆಳ್ಳಗೆ, ಅಯ್ಯೋ ಎಷ್ಟು ತೆಳ್ಳಗೆ ಹಾಡುತ್ತಿದ್ದೆನೇ ನಾನು, ಫೋನಿನೊಳಗಿನ ಆ ಹೆಂಗಸಿನ ಮೇಲೆ ತಾಯಿಗೆ ಹೊಟ್ಟೆಕಿಚ್ಚು, ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ, ಜೊತೆಗೆ ಹಾಡಿದರೆ ಎರಡೂ ಒಂದೇ ಎಂದು ಕೂಸಿಗೆ ತಿಳಿದೀತು, ಹಾಡುತ್ತಾಳೆ, ಮೊದಲ ಸಾಲು, ಎರಡನೆಯದು, ಮಗು ತಿರುಗುತ್ತದೆ, ತಿರುಗಿತು, ಕೈ ಚಾಚಿತು — ಅಂಗೈ, ಬೆಚ್ಚಗಿನ ಅಂಗೈ, ಅವಳ ಬಾಯಿಯ ಮೇಲೆ, ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ, ಒತ್ತಿ ಹಿಡಿದ ಅಂಗೈ, ಶ್, ಸುಮ್ನಿರು, ಅಮ್ಮ ಹಾಡ್ತಿದ್ದಾಳೆ.