ಪಟ್ಟಿಯ ಕೊನೆಯ ಸಾಲು

ಬೆರಳಚ್ಚುಗಾರ್ತಿ ಯಂತ್ರಕ್ಕೆ ಹಾಳೆ ಸಿಕ್ಕಿಸುತ್ತಿದ್ದಾಗ ಮಾವ ಬಂದು ಮೇಜಿಗೆ ಒರಗಿ ನಿಂತ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಹಣಕಾಸು ಮಂತ್ರಿಗಳ ಮಕ್ಕಳಿಗೆ ಅವನು ಸೋದರಮಾವ. ಹಾಗಾಗಿ ಇಡೀ ಕಚೇರಿಗೇ ಮಾವ.

"ತಂಗಿ, ಈ ಸಲ ಬೀಗ, ನೆನಪಿರಲಿ. ಹೊರದೇಶದ ಬೀಗ."

"ತಜ್ಞರ ಪಟ್ಟಿಯಲ್ಲಿ ಬೀಗ ಇಲ್ವಲ್ಲ ಮಾವ."

"ತಜ್ಞರ ಮನೇಲಿ ಕಳ್ಳರು ನುಗ್ಗಿಲ್ಲ, ಅದಕ್ಕೇ! ಜನಕ್ಕೆ ಅಗ್ಗದ ಬೀಗ ಸಿಗುತ್ತಮ್ಮ, ಪುಣ್ಯದ ಕೆಲಸ," ಎಂದು ನಕ್ಕು ಹೊರಟ.

ಆಮದು ಸುಂಕವಿಲ್ಲದ ವಸ್ತುಗಳ ಪಟ್ಟಿ ಅದು. ತಜ್ಞರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಸಿದ್ಧಪಡಿಸುತ್ತಿದ್ದರು. ಅವಳು ಅಚ್ಚು ಮಾಡುವಾಗ ಕೊನೆಯ ವಸ್ತುವಿನ ಕೆಳಗೆ ಒಂದು ಸಾಲಿನ ಜಾಗ ಬಿಡಬೇಕು. ಮಂತ್ರಿಗಳ ಸಹಿ ಬಿದ್ದ ಮೇಲೆ ಅದೇ ಯಂತ್ರದಲ್ಲಿ, ಮಾವ ಆ ವರ್ಷ ಹೊರದೇಶದಿಂದ ತರಿಸಿ ಮಾರುವ ವಸ್ತುವನ್ನು ಅಲ್ಲಿ ಕೂರಿಸಬೇಕು. ಯಾವ ನಿಯಮದಲ್ಲೂ ಇಲ್ಲದ ಈ ಪದ್ಧತಿಯನ್ನು ಯಾರೂ ತಪ್ಪಿಸಿರಲಿಲ್ಲ.

ಹೋದ ವರ್ಷ ಆ ಜಾಗದಲ್ಲಿ ಅವಳೇ ಹೊಲಿಗೆ ದಾರ ಎಂದು ಅಚ್ಚೊತ್ತಿದ್ದಳು. ಹೊರದೇಶದ ಅಗ್ಗದ ದಾರ ಬಂದು ನಾಲ್ಕು ತಿಂಗಳಿಗೆ, ಅಕ್ಕ ದುಡಿಯುತ್ತಿದ್ದ ದಾರದ ಕಾರ್ಖಾನೆ ಬಾಗಿಲು ಹಾಕಿತು. ಅಲೆದು ಅಲೆದು ಅಕ್ಕ ಈಗಷ್ಟೇ ಕೆಲಸ ಹಿಡಿದಿದ್ದು ಬೀಗದ ಕಾರ್ಖಾನೆಯಲ್ಲಿ. ಯಾರ ಕೈಯಿಂದ ತನ್ನ ಹೊಟ್ಟೆಗೆ ಪೆಟ್ಟು ಬಿತ್ತೆಂದು ಅಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಪಟ್ಟಿಯ ಕೊನೆಯದಾದ ಹದಿನಾಲ್ಕನೆಯ ವಸ್ತು ಮುಗಿಯಿತು. ಬೆರಳುಗಳು ಅಭ್ಯಾಸಬಲದಿಂದ ಒಂದು ಸಾಲು ಖಾಲಿ ಬಿಟ್ಟು ಹಾಳೆ ಸರಿಸಲು ಹೋದವು. ಅವಳು ತಡೆದಳು. ಹದಿನಾಲ್ಕನೆಯ ಸಾಲಿನ ಕೆಳಗೇ, ಒತ್ತಿಕೊಂಡಂತೆ, ಮಂತ್ರಿಗಳ ಪದನಾಮ ಅಚ್ಚೊತ್ತಿಬಿಟ್ಟಳು.

ಮೇಲ್ವಿಚಾರಕರು ಹಾಳೆ ಹಿಡಿದು ಹುಬ್ಬೇರಿಸಿದರು. "ಜಾಗ ಎಲ್ಲಮ್ಮ?"

"ಹದಿನಾಲ್ಕು ಕೊಟ್ಟಿದ್ರಿ ಸಾರ್, ಹದಿನಾಲ್ಕು ಹೊಡೆದಿದ್ದೀನಿ."

"ಒಂದು ಸಾಲು ಬಿಟ್ರೆ ನಿನ್ನ ಗಂಟೇನು ಹೋಗುತ್ತೆ? ನಾಳೆ ಯಾವ ಮೂಲೆಗೆ ಎತ್ತಿ ಹಾಕ್ತಾರೋ ಗೊತ್ತಾ? ನಾನು ಇಪ್ಪತ್ತು ವರ್ಷದಿಂದ ಕಣ್ಮುಚ್ಚಿಕೊಂಡಿಲ್ವಾ?"

"ದಾರ ಅಂತ ಹೊಡೆದಿದ್ದು ನಾನೇ ಸಾರ್. ನಮ್ಮಕ್ಕನ ಕೆಲಸ ಹೋಯ್ತು. ಈಗ ಅವಳು ಬೀಗ ಮಾಡ್ತಾಳೆ."

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹಾಳೆ ಹರಿಯುತ್ತಾರೆಂದು ಅವಳು ತಲೆ ತಗ್ಗಿಸಿದಳು.

ಅವರು ಪೆನ್ನು ತೆಗೆದು, ಉಳಿದಿದ್ದ ಅಂಚಿನಲ್ಲಿ 'ಒಟ್ಟು ಹದಿನಾಲ್ಕು ವಸ್ತುಗಳು ಮಾತ್ರ' ಎಂದು ಬರೆದು, ಪಕ್ಕದಲ್ಲಿ ತಮ್ಮ ರುಜು ಹಾಕಿದರು.

"ಎತ್ತಿ ಹಾಕೋದಾದ್ರೆ ಇಬ್ಬರನ್ನೂ ಹಾಕ್ಲಿ," ಎಂದು, ಕಡತವನ್ನು ಜವಾನನ ಕೈಗೆ ಕೊಡದೆ ತಾವೇ ಹಿಡಿದು ಮಂತ್ರಿಗಳ ಕೋಣೆಯತ್ತ ನಡೆದರು.