ಡಬ್ಬಿ ಬಡಿದರೆ ಬರುವ ಕಾಂಗರೂ

ನನ್ನ ತಂಗಿ ಕೋರಲಿಗೆ ಎಲ್ಲರೂ ತನ್ನನ್ನು ಇಷ್ಟಪಡಬೇಕು. ಅಂಚೆಯವನು, ಪಾದ್ರಿ, ಪಕ್ಕದ ಮನೆಯ ನಾಯಿ, ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಅಪ್ಪನ ಕಾಲದ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಸುಣ್ಣ ಬಳಿದು, ಸಿಡ್ನಿಯಿಂದ ಬರುವವರಿಗೆ ಬಾಡಿಗೆಗೆ ಕೊಡಲು ಶುರು ಮಾಡಿದ ಮೇಲಂತೂ ಈ ಕಾಯಿಲೆ ವಿಪರೀತವಾಗಿತ್ತು. ನಾನು ನಮ್ಮಿಬ್ಬರ ಮನೆಗಳ ನಡುವಿನ ಬೇಲಿಯ ಈಚೆ ತಾಯಿ ಸತ್ತ ಕಾಂಗರೂ ಮರಿಗಳನ್ನು ಸಾಕುತ್ತೇನೆ. ಕೊನೆಗೆ ನನ್ನನ್ನು ಕಂಡರೆ ಓಡಿಹೋಗುವಂತೆ ಮಾಡಿ ಕಾಡಿಗೆ ಬಿಡುವುದೇ ನನ್ನ ಕೆಲಸ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ಈ ಕಥೆಯ ಮರಿಯನ್ನು ತಂದದ್ದು ನಾನೇ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ತಾಯಿಯ ಹೊಟ್ಟೆಚೀಲದೊಳಗೆ ಕೈಹಾಕಿದಾಗ ಬೆಚ್ಚಗೆ ಸಿಕ್ಕಿತ್ತು. ಚೀಲ ನೋಡಿಯಾಗಿದೆ ಎಂದು ಹಿಂದೆ ಬರುವವರಿಗೆ ತಿಳಿಯಲಿ ಅಂತ ಹೆಣದ ಮೇಲೆ ಬಣ್ಣದ ಗುರುತು ಹಾಕಿ, ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದೆ. ದಪ್ಪ ಬಟ್ಟೆಯ ಚೀಲ ಹೊಲಿದು, ಅದರೊಳಗಿಟ್ಟು, ಅಡುಗೆಮನೆಯ ಬಾಗಿಲ ಹಿಡಿಗೆ ನೇತುಹಾಕಿದೆ. ಹೆಸರಿಡಲಿಲ್ಲ. ಹೆಸರಿಟ್ಟರೆ ಕರೆಯಬೇಕೆನಿಸುತ್ತದೆ.

ಅದು ಚೀಲ ಬಿಟ್ಟು ಅಂಗಳದಲ್ಲಿ ಕುಪ್ಪಳಿಸುವ ಹೊತ್ತಿಗೆ ನನ್ನ ಸೊಂಟ ಕೈಕೊಟ್ಟಿತು. ಮರಿಯನ್ನು ಕೋರಲಿಯ ಕೈಗೆ ಒಪ್ಪಿಸಿ ಆಸ್ಪತ್ರೆ ಸೇರಿದೆ. ಆಪರೇಷನ್ ಮುಗಿಸಿ ಕೋಲೂರಿಕೊಂಡು ಮನೆಗೆ ಬಂದರೆ, ಮರಿ ಕೋರಲಿಯ ಜಗಲಿಯಲ್ಲಿ ನಿಂತು ಅತಿಥಿಗಳ ಕೈಯಿಂದ ಬಿಸ್ಕತ್ತು ತಿನ್ನುತ್ತಿತ್ತು. ಕೊರಳಲ್ಲಿ ರಿಬ್ಬನ್. ಹೆಸರು ಡಚೆಸ್. ಹಿಂದಿನ ಬೇಲಿಯೊಳಗೆ ಬೆಳೆಯುತ್ತಿದ್ದ ನನ್ನ ಇನ್ನೂ ಮೂರು ಮರಿಗಳತ್ತ ಅವಳು ತಿರುಗಿಯೂ ನೋಡಿರಲಿಲ್ಲ. ಅವು ಅವಳನ್ನು ಕಂಡರೆ ಓಡುತ್ತಿದ್ದವಲ್ಲ.

"ಹೇಗ್ ಬರತ್ತೆ ನೋಡಕ್ಕ," ಎಂದು ಕೋರಲಿ ತಗಡಿನ ಬಿಸ್ಕತ್ತಿನ ಡಬ್ಬಿಯನ್ನು ಚಮಚದಿಂದ ಟಣಟಣ ಬಡಿದಳು. ಅಂಗಳದ ತುದಿಯಲ್ಲಿದ್ದ ಮರಿ ಎರಡೇ ನೆಗೆತಕ್ಕೆ ಅವಳ ಮಡಿಲಿಗೆ ಬಂತು.

"ಬಂದೂಕು ಹಿಡಿದು ಬರೋನ ಹತ್ರಾನೂ ಡಬ್ಬಿ ಇರತ್ತೆ ಕಣೆ. ಬಿಯರಿಂದು."

"ನಿಂಗೆ ಹೊಟ್ಟೆಕಿಚ್ಚು. ಹಾಲು ಕುಡಿಸಿದ್ದು ನೀನು, ಅದು ಹಚ್ಕೊಂಡಿದ್ದು ನನ್ನ."

"ಒದ್ದೆ ಬಟ್ಟೇಲಿ ತಿಕ ಒರೆಸಿ ಉಚ್ಚೆ ಹುಯ್ಸಿದ್ದೂ ನಾನೇ. ಅದರ ಫೋಟೋ ಮಾತ್ರ ಯಾರೂ ತೆಗೀಲಿಲ್ಲ."

ಮರಿ ಸಾಕುವ ನಮ್ಮ ಸಂಘದ ಹಿರಿಯ ಟ್ರಾಂಟರ್, ಯಾವುದನ್ನು ಕಾಡಿಗೆ ಬಿಡಬಹುದೆಂದು ನೋಡಲು ಬಂದ. ಡಚೆಸ್ ನೇರವಾಗಿ ಹೋಗಿ ಅವನ ಕೋಟಿನ ಜೇಬಿಗೆ ಕೈಹಾಕಿದಳು. ಕೋರಲಿ ನಕ್ಕಳು. ಅವನು ನಗಲಿಲ್ಲ.

"ಇದನ್ನ ಬಿಡೋಕಾಗಲ್ಲಮ್ಮ."

"ಸರಿ ಹಾಗಾದ್ರೆ, ನಮ್ಮಲ್ಲೇ ಇರ್ಲಿ ಬಿಡಿ."

"ಇಟ್ಕೊಳ್ಳೋದಕ್ಕೆ ಕಾನೂನು ಒಪ್ಪಲ್ಲ. ಕಾಡಿಗೂ ಆಗದ್ದು, ಮನೆಗೂ ಆಗದ್ದು ಅಂದ್ರೆ ಸೂಜಿ ಚುಚ್ಚಿ ಮಲಗಿಸೋದು."

"ಮಲಗಿಸೋದು ಅಂದ್ರೆ?"

"ಮತ್ತೆ ಏಳಲ್ಲ ಅಂತ."

ಅವಳ ಮುಖದ ನಗು ಹಾಗೇ ಅಂಟಿಕೊಂಡು ನಿಂತಿತು, ತೆಗೆಯಲು ಮರೆತವಳ ಹಾಗೆ. ಚಳಿ ಮುಗಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ ಎಂದು ಹೇಳಿ ಟ್ರಾಂಟರ್ ಹೊರಟುಹೋದ.

"ನೀನೇ ಏನಾದ್ರೂ ಮಾಡಕ್ಕ," ಅಂದಳು.

"ನಾನು ಎಷ್ಟು ಹೆದರಿಸಿದ್ರೂ ನಿನ್ನ ಡಬ್ಬಿ ಸದ್ದು ಕೇಳಿದ್ರೆ ಎಲ್ಲಾ ಮರೆತುಬಿಡತ್ತೆ. ನೀನೇ ಡಬ್ಬಿ ಬಡಿ. ಬಂದಾಗ ಪೈಪಲ್ಲಿ ಮುಖಕ್ಕೆ ನೀರು ಬಿಡು. ಕಿರುಚು."

"ಅದರ ಕಣ್ಣಿಗೆ ನಾನು ರಾಕ್ಷಸಿ ಆಗ್ಬೇಕಾ?"

"ನಾನು ಯಾವಾಗ್ಲೂ ಆಗ್ತೀನಿ. ನೀನೂ ಒಂದ್ಸಲ ಆಗಿ ನೋಡು."

ಮೊದಲ ದಿನ ಗುಲಾಬಿ ಗಿಡಕ್ಕೆ ನೀರು ಹಾಕಿದಂತೆ ಎರಚಿ, ಸಾರಿ ಚಿನ್ನ ಎಂದಳು. ಮರಿ ಆ ನೀರನ್ನೂ ನೆಕ್ಕಿತು. ನಾನು ನಕ್ಕ ನಗೆಗೆ ಹೊಸ ಸೊಂಟ ನೋಯಿತು. ಮೂರನೆಯ ದಿನಕ್ಕೆ ಕಿರುಚುವುದನ್ನು ಕಲಿತಳು. ಬಾಡಿಗೆಗಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಅವತ್ತೇ ಗಂಟುಮೂಟೆ ಕಟ್ಟಿದಳು. ಮನೆಯೊಡತಿ ಮೂಕಪ್ರಾಣಿಗಳನ್ನು ಹಿಂಸಿಸುತ್ತಾಳೆ ಎಂದು ಇಂಟರ್‌ನೆಟ್ಟಿನಲ್ಲಿ ಬರೆದಳು. ಕೆಳಗೆ ಊರೂರಿನವರು ಛೀಮಾರಿ ಹಾಕಿದರು. ಒಬ್ಬ ಅಪರಿಚಿತ ಮುಖ ಸಿಂಡರಿಸಿದರೆ ವಾರವಿಡೀ ನಿದ್ದೆಗೆಡುವವಳು ನನ್ನ ತಂಗಿ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಪೂರ್ತಿ ಓದಿದಳು, ಫೋನನ್ನು ಬೋರಲಾಗಿ ಇಟ್ಟಳು, ಪೈಪು ಎತ್ತಿಕೊಂಡು ಹೊರಗೆ ಹೋದಳು.

ಚಳಿಗಾಲವಿಡೀ ಅದೇ ನಡೆಯಿತು. ರಿಬ್ಬನ್ ಯಾವಾಗ ಬಿಚ್ಚಿದಳೋ ನಾನು ನೋಡಲಿಲ್ಲ. ಮರಿ ಮೊದಲು ಗೊಂದಲಗೊಂಡಿತು, ಆಮೇಲೆ ದೂರದಲ್ಲೇ ನಿಂತಿತು, ಕೊನೆಗೆ ಹಿಂದಿನ ಬೇಲಿಯ ಮೂರರ ಜೊತೆ ಸೇರಿಕೊಂಡಿತು.

ಟ್ರಾಂಟರ್ ಮತ್ತೆ ಬಂದು ಹಿಂದಿನ ಗೇಟು ತೆರೆದ. ನಾಲ್ಕೂ ಗೇಟಿನಾಚೆಗೆ ಹೋಗಿ ಹುಲ್ಲು ಮೇಯುತ್ತ ನಿಂತವು. "ಡಬ್ಬಿ ಬಡಿಯಮ್ಮ," ಎಂದ.

ಕೋರಲಿ ಡಬ್ಬಿ ಬಡಿದಳು. ನಾಲ್ಕೂ ತಲೆ ಎತ್ತಿದವು. ಮೂರು ಇನ್ನೂ ಯೋಚಿಸುತ್ತಿದ್ದವು. ಎಲ್ಲಕ್ಕಿಂತ ಮೊದಲು ಕಾಡಿನತ್ತ ಓಡಿದ್ದು ಡಚೆಸ್. ಉಳಿದವು ಅವಳ ಹಿಂದೆ ಓಡಿದವು.

"ಪಾಸು," ಎಂದ ಟ್ರಾಂಟರ್. ಗೇಟು ಹಾಕಿ ಕಾರಿನತ್ತ ನಡೆದ.

ಕೋರಲಿ ಬಡಿಯುತ್ತಲೇ ಇದ್ದಳು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳನ್ನು ಚುಚ್ಚಲು ಇಡೀ ಚಳಿಗಾಲ ಮಾತು ಕೂಡಿಟ್ಟಿದ್ದೆ. ಅದನ್ನೆಲ್ಲ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ಸಾಕು ಬಿಡೇ. ಹೋಯ್ತಲ್ಲ," ಅಂದೆ.

"ಇಲ್ಲಕ್ಕ," ಅಂದಳು, "ಇನ್ನೂ ಕಾಣಿಸ್ತಿದೆ."